ಮಿಲಿಟರಿ ಹೋಟೆಲಿನ ಮುಂದೆ ನಿಂತ ಕಾರು

ನಮ್ಮ ಮನೆಯ ಕಾರಿಗೆ ಎರಡು ಬಣ್ಣ. ಮೇಲೆ ಕೆನೆಬಣ್ಣ, ಅದರಡಿ ಸೇನೆಯ ಹಸಿರು. ಕಬ್ಬಿನ ಗಾಡಿಗೆ ಉಜ್ಜಿಕೊಂಡಾಗಲೆಲ್ಲ ಒಳಗಿನ ಹಸಿರು ಇಣುಕುತ್ತಿತ್ತು. ಸಿವಿಲ್ ಜನ ಆ ಬಣ್ಣದ ಗಾಡಿ ಓಡಿಸುವಂತಿಲ್ಲ ಎಂದು ಅಪ್ಪ ಸಣ್ಣ ಬ್ರಷ್ಷು ಹಿಡಿದು ಕೂತು ಮುಚ್ಚುತ್ತಿದ್ದ. ಬಾಗಿಲ ಸಂದಿಯ ಹಸಿರನ್ನು ಮಾತ್ರ ಹಾಗೇ ಬಿಟ್ಟಿದ್ದ. ಯಾಕೆ ಎಂದರೆ, "ಅಲ್ಲಿಗೆ ಬ್ರಷ್ಷು ತೂರಕ್ಕಿಲ್ಲ ಕಣಮ್ಮ" ಎನ್ನುತ್ತಿದ್ದ. ತೂರುತ್ತಿತ್ತು. ನಾನೇ ತೂರಿಸಿ ನೋಡಿದ್ದೇನೆ.

ಅಪ್ಪ ಸೇನೆಯಲ್ಲಿ ಡ್ರೈವರಾಗಿದ್ದ. ಸೇನೆಯ ಗಾಡಿ ಎಂದರೆ ಲಾರಿ, ಜೀಪು, ಟ್ಯಾಂಕು ಎಂದಷ್ಟೇ ಮಂಡ್ಯ ಸೀಮೆಯ ನಮ್ಮ ಕೊಪ್ಪದ ಜನಕ್ಕೆ ಗೊತ್ತಿದ್ದದ್ದು. ಅಲ್ಲಿ ಪುಟ್ಟ ಕಾರುಗಳೂ ಇದ್ದವು. ದೊಡ್ಡ ಸಾಹೇಬರಿಗೆ ದೊಡ್ಡ ಕಾರು, ಚಿಕ್ಕ ಸಾಹೇಬರಿಗೆ ಚಿಕ್ಕದು. ರೈಲ್ವೆ ಸ್ಟೇಷನ್ನಿನಿಂದ ಅಧಿಕಾರಿಗಳನ್ನು ಕರೆತರುವುದು, ಕಾಗದಪತ್ರ ಮುಟ್ಟಿಸುವುದು, ಆಸ್ಪತ್ರೆಗೆ ಔಷಧಿಯ ಪೆಟ್ಟಿಗೆ ಸಾಗಿಸುವುದು ಇವುಗಳ ಕೆಲಸ. ಯುದ್ಧದ ದಿನಗಳಲ್ಲಿ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಳಿದು, ಮಿಕ್ಕ ಬೆಳಕಿನಲ್ಲಿ ಆಳು ನಡೆಯುವಷ್ಟು ನಿಧಾನಕ್ಕೆ ಓಡಿಸುತ್ತಿದ್ದರಂತೆ. ನೀನು ಎಷ್ಟು ಜನ ಶತ್ರುಗಳನ್ನು ಹೊಡೆದೆ ಎಂದು ನಾನು ಆಸೆಯಿಂದ ಕೇಳಿದರೆ ಅಪ್ಪ, "ಒಬ್ಬರ್ನೂ ಇಲ್ಲ. ಟಿಫಿನ್ ಕ್ಯಾರಿಯರ್ ಸಾಗಿಸ್ದೆ" ಅಂದುಬಿಡುತ್ತಿದ್ದ. ಸ್ಕೂಲಿನಲ್ಲಿ ನಾನು ಕಟ್ಟಿದ್ದ ಕಥೆಗಳೆಲ್ಲ ಅಲ್ಲಿಗೆ ಮಣ್ಣುಪಾಲು. ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಇವನಿಗೊಂದು ಸುಳ್ಳು ಹೇಳಲು ಏನು ಕಷ್ಟ ಅನ್ನಿಸುತ್ತಿತ್ತು.

ಕಾಲ ತೀರಿದ ಕಾರುಗಳನ್ನು ಸೇನೆಯವರು ಬಯಲಲ್ಲಿ ಸಾಲಾಗಿ ನಿಲ್ಲಿಸಿ, ಸೀಮೆಸುಣ್ಣದಲ್ಲಿ ನಂಬರು ಬರೆದು ಹರಾಜು ಹಾಕುತ್ತಿದ್ದರು. ಬಹುಪಾಲು ಗುಜರಿಯವರ ಪಾಲಾಗುತ್ತಿದ್ದವು. ಅಲ್ಲೇ ಸುತ್ತಿಗೆ ಬೀಳುತ್ತಿತ್ತು. ಪಿಂಚಣಿ ಪಡೆದು ಊರಿಗೆ ಬಂದ ಮಾರನೇ ವರ್ಷ ಅಪ್ಪ ಒಂದು ಜೊತೆ ಎತ್ತು ತರುತ್ತೇನೆಂದು ಹೊರಟವನು, ದಾರಿ ತಪ್ಪಿ ಆ ಹರಾಜಿಗೆ ಹೋಗಿದ್ದ. ನಾಲ್ಕು ದಿನ ಕಳೆದು, ತಾನು ಓಡಿಸುತ್ತಿದ್ದಂಥದೇ ಒಂದು ಕಾರು ಓಡಿಸಿಕೊಂಡು ಬಂದ. ಅವ್ವ ಹೊಸ್ತಿಲಲ್ಲೇ ನಿಂತು ಅದರ ಗುಂಡು ಬೆನ್ನು ನೋಡಿ, "ಎತ್ತು ತತ್ತೀನಿ ಅಂತ ಓಗಿದ್ದೋನು ಆಮೆ ತಂದವ್ನೆ" ಎಂದಳು. ಆವತ್ತಿನಿಂದ ಅದರ ಹೆಸರು ಆಮೆ.

ಆಮೆಯ ಜೊತೆ ಮನೆಗೆ ಬಂದದ್ದು ಫಸ್ಟ್ ಪರೇಡು. ಸೇನೆಯ ಡ್ರೈವರು ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ನೀರು, ಆಯಿಲು, ಬೆಲ್ಟು, ಬ್ಯಾಟರಿ, ಟೈರು ಎಲ್ಲವನ್ನೂ ನೋಡಿ ವರದಿ ಒಪ್ಪಿಸಬೇಕು. ಅದಕ್ಕೆ ಆ ಹೆಸರು. ಗಾಡಿ ಎಲ್ಲಿಗೂ ಹೋಗದ ದಿನವೂ ಅಪ್ಪನ ಪರೇಡು ತಪ್ಪುತ್ತಿರಲಿಲ್ಲ. ಎಡಗೈ ಬೆನ್ನ ಹಿಂದೆ, ಬಲಗೈಯಲ್ಲೊಂದು ಹಳೇ ಪಂಚೆಯ ಚೂರು. ಬಾನೆಟ್ ಎತ್ತಿ ಒಂದೊಂದೇ ನೋಡಿ, ಒರೆಸಿ, ಮುಚ್ಚಿ, ನನ್ನ ಕಡೆ ತಿರುಗುತ್ತಿದ್ದ. "ನೀರು, ಆಯಿಲು, ಬೆಲ್ಟು, ಬ್ಯಾಟ್ರಿ, ಎಲ್ಲಾ ಸರಿಯಾಗದೆ." ನಾನು ಸಾಹೇಬರಂತೆ ಗದ್ದವೆತ್ತಿ, "ಸರಿ, ಹೊರಡಬಹುದು" ಎನ್ನಬೇಕು. ಹಟ್ಟಿಯ ಮುಂದೆ ಕೋಳಿಗಳ ನಡುವೆ ದಿನಾ ನಡೆಯುತ್ತಿದ್ದ ಈ ನಾಟಕ ನೆನೆದರೆ ಈಗಲೂ ಹೊಟ್ಟೆಯೊಳಗೆ ಬೆಚ್ಚಗಾಗುತ್ತದೆ.

ನನಗೆ ಹನ್ನೆರಡು ತುಂಬಿದ ಮೇಲೆ ಪರೇಡು ನನ್ನ ಪಾಲಿಗೆ ಬಂತು. ಆಗಲೇ ಒಂದು ದಿನ, ಹೊಸದಾಗಿ ಮದುವೆಯಾದ ಅತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ಮೊದಲ ಸಲ ಪೂರಿಗಾಲಿಯ ಗಂಡನ ಮನೆಗೆ ಬಿಟ್ಟುಬರಬೇಕಿತ್ತು. ಹೊಸ ಲಂಗ ಉಟ್ಟಿದ್ದೆ, ಆಯಿಲು ತಾಕೀತೆಂಬ ಭಯ. ಬಾನೆಟ್ ಎತ್ತಿದವಳು ಹಾಗೇ ಇಳಿಸಿ, "ಎಲ್ಲಾ ಸರಿಯಾಗಿದೆ" ಎಂದೆ. ಅಪ್ಪ ನಂಬಿದ. ಮಳವಳ್ಳಿ ದಾಟುವಷ್ಟರಲ್ಲಿ ಮುಂದಿನಿಂದ ಬುಸ್ ಎಂದು ಹಬೆ. ರೇಡಿಯೇಟರಿನಲ್ಲಿ ಒಂದು ತೊಟ್ಟು ನೀರಿರಲಿಲ್ಲ. ಮಡಿಲಕ್ಕಿ ಹಿಡಿದ ಅತ್ತೆ ರಸ್ತೆ ಬದಿಯ ಹುಣಸೆ ಮರದ ಕೆಳಗೆ ಕೂತಳು. ಗಂಡನ ಮನೆ ಹೊಗುವ ಒಳ್ಳೇ ಗಳಿಗೆ ಮೀರುತ್ತಿತ್ತು. ನಾನು ನಾಲೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತೆ. ಲಂಗವೆಲ್ಲ ಕೆಸರಾಯಿತು.

ಅಪ್ಪ ಬೈಯಲಿಲ್ಲ. ಎಂಜಿನ್ನು ತಣಿಯುವವರೆಗೆ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಹೇಳಿದ, "ನೋಡ್ನಿಲ್ಲ ಅಂದಿದ್ರೆ ನಾನೇ ನೋಡ್ತಿದ್ದೆ. ಸುಳ್ಳು ಪರೇಡ್ ಕೊಟ್ಟೋನು ಎಂಗೋ ಉಳ್ಕತಾನೆ ಕಣಮ್ಮ. ಸಾಯೋನು ಇಂದ್ಲ ಸೀಟಲ್ ಕೂತೋನು." ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದ ಅತ್ತೆಯ ಕಡೆ ನಾನು ತಿರುಗಿ ನೋಡಿದೆ. ಅಷ್ಟು ನಾಚಿಕೆಯನ್ನು ಆಮೇಲೆ ನಾನು ಪಟ್ಟಿರಲಿಲ್ಲ, ಮೊನ್ನೆ ಮೊನ್ನೆಯವರೆಗೆ.

ಹೆರಿಗೆಗೆ, ಮದುವೆಗೆ, ಮಂಡ್ಯದ ಆಸ್ಪತ್ರೆಗೆ, ಡೈರಿಯ ಹಾಲಿಗೆ ಎಂದು ಆಮೆ ಊರಿನವರಿಗೆಲ್ಲ ದುಡಿಯಿತು. ನಾನು ಮೇಷ್ಟರ ಕೆಲಸ ಹಿಡಿದು ಮಳವಳ್ಳಿಯಲ್ಲಿ ಮಕ್ಕಳಿಗೆ ಗಣಿತ ಹೇಳುತ್ತ ಕೂದಲು ಹಣ್ಣಾಗಿಸಿಕೊಳ್ಳುವ ಹೊತ್ತಿಗೆ ಅದು ಕೊಟ್ಟಿಗೆ ಸೇರಿ ಬಹಳ ಕಾಲವಾಗಿತ್ತು. ಬಿಡಿಭಾಗ ಸಿಗದು, ಕಾಗದಪತ್ರದ ಅವಧಿ ಮುಗಿದಿದೆ. ಆದರೂ ಅಪ್ಪ ಬೆಳಿಗ್ಗೆ ಎದ್ದು ಪರೇಡು ಮಾಡುತ್ತಿದ್ದ. ಕಳೆದ ವರ್ಷ ಕೊಟ್ಟಿಗೆಯ ಗೋಡೆ ಕುಸಿದಾಗ ಕಾರನ್ನು ಸಾಗಹಾಕುವುದು ನನ್ನ ಹೆಗಲಿಗೆ ಬಂತು. ಆಗ ಸಿಕ್ಕವನು ನನ್ನ ಹಳೇ ಶಿಷ್ಯ. ಮದ್ದೂರಿನ ಹೆದ್ದಾರಿ ಪಕ್ಕ ಮಿಲಿಟರಿ ಹೋಟೆಲು ತೆರೆದಿದ್ದ. ನಮ್ಮ ಕಡೆ ಮಾಂಸದೂಟದ ಹೋಟೆಲಿಗೆ ಆ ಹೆಸರು ಎಂದಿನಿಂದಲೂ ಇದೆ, ಆದರೆ ಇವನಿಗೆ ನಿಜವಾದ ಮಿಲಿಟರಿ ಗಾಡಿಯೊಂದು ಬಾಗಿಲಲ್ಲಿ ಬೇಕಿತ್ತು. "ಗುಜರಿಗಾಕೋ ಬದ್ಲು ನಂಗ್ ಕೊಡಿ ಮಿಸ್ಸು. ಬಂಗಾರ್ದಂಗೆ ಮಡಿಕತೀನಿ" ಎಂದ.

"ಗುಜರಿಗೆ ಓಗಕ್ಕಿಲ್ಲ ತಾನೆ?" ಅಪ್ಪ ಕೇಳಿದ್ದು ಅದೊಂದೇ. ಇಲ್ಲ ಎಂದು ನಾನು ಮಾತು ಕೊಟ್ಟೆ. ನಮ್ಮಲ್ಲಿ ದನ ಮಾರಿದರೂ ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು, ನಮ್ಮ ಹಗ್ಗ ನಮ್ಮ ಗೂಟದಲ್ಲೇ ಉಳಿಯಬೇಕು. ಅಪ್ಪ ಅದೇ ಲೆಕ್ಕದಲ್ಲಿ ಕಾರಿನ ಕೀ ತನ್ನಲ್ಲೇ ಇಟ್ಟುಕೊಂಡ. ಆಮೆಯನ್ನು ಟ್ರಾಕ್ಟರಿಗೆ ಕಟ್ಟಿ ಎಳೆದುಕೊಂಡು ಹೋದರು.

ವಾರ ಕಳೆದು ಶಿಷ್ಯನ ಫೋನು. ಕಾರನ್ನು ಕಟ್ಟೆಯ ಮೇಲೆ ನಿಲ್ಲಿಸಬೇಕು, ಭಾರ ಹೆಚ್ಚು. "ಎಂಜಿನ್ನು ತೆಗ್ಸಿ ಗುಜರಿಗಾಕುಸ್ಬುಡ್ಲಾ ಮಿಸ್ಸು? ಇದ್ರೂ ಇಲಿ ಗೂಡ್ ಕಟ್ತವೆ ಅಷ್ಟೇಯ." ಸ್ಟಾಫ್ ರೂಮಿನಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಅಪ್ಪನನ್ನು ಕೇಳಿ ಹೇಳುತ್ತೇನೆ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಆದರೆ ನಾನು "ಆಯ್ತು, ತೆಗೆಸು" ಎಂದುಬಿಟ್ಟೆ. ಫೋನಿಟ್ಟು ಮುಂದಿನ ಪೇಪರು ಎತ್ತಿಕೊಂಡೆ.

ಅಲ್ಲಿಂದ ಶುರುವಾಯಿತು ನನ್ನ ನೆಪಗಳ ಸಂತೆ. ಒಂದ್ಸಲ ಆಮೆ ನೋಡ್ಕಂಡ್ ಬರಾನ ಎಂದು ಅಪ್ಪ ಅಂದಾಗಲೆಲ್ಲ ಬಿಸಿಲು ಎನ್ನುತ್ತಿದ್ದೆ, ನಿನ್ನ ಮಂಡಿನೋವು ಎನ್ನುತ್ತಿದ್ದೆ, ಹೆದ್ದಾರಿಯಲ್ಲಿ ಟ್ರಾಫಿಕ್ಕು ಎನ್ನುತ್ತಿದ್ದೆ. ಕೊನೆಗೊಂದು ಭಾನುವಾರ ಅವನು ಶರ್ಟು ಇಸ್ತ್ರಿ ಮಾಡಿಸಿಕೊಂಡು, ಪಂಚೆಯ ಚೂರನ್ನು ಮಡಿಸಿ ಜೇಬಿಗಿಟ್ಟು, "ನೀ ಬರ್ನಿಲ್ಲ ಅಂದ್ರೆ ಬಸ್ಸಲ್ ಓಯ್ತೀನಿ ಬುಡು" ಎಂದು ಹೊರಟೇಬಿಟ್ಟ. ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಿಬಿಡಬೇಕೆಂದು ಬಾಯಿ ತೆರೆದೆ, ಮುಚ್ಚಿದೆ.

ಆಮೆಗೆ ಮತ್ತೆ ಹಸಿರು ಬಳಿದಿದ್ದರು. ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ, ಚಾವಣಿಯ ಮೇಲೆ ಪ್ಲಾಸ್ಟಿಕ್ ಪೈಪಿನ ಒಂದು ಬಂದೂಕು. ಹುಡುಗರಿಬ್ಬರು ಒರಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಪ್ಪ ಶಿಷ್ಯನನ್ನು ಕರೆದು, "ಇದ್ಕ್ಯಾಕ್ಲಾ ಕೋವಿ? ಸಾಹೇಬ್ರ ಊಟ ಹೊತ್ತ ಕಾರು ಕಣ್ಲಾ ಇದು" ಎಂದ. ಶಿಷ್ಯ ನಕ್ಕು, "ಈಗ್ಲೂ ಅದೇ ಕೆಲ್ಸಾನೆಯ ಯಜಮಾನ್ರೇ, ಜನ ಉಣ್ಣಕ್ ಬತ್ತಾರೆ" ಎಂದ. ಅಪ್ಪನಿಗೂ ನಗು ಬಂತು. ನನಗೆ ಬರಲಿಲ್ಲ.

ಅಪ್ಪ ಜೇಬಿನಿಂದ ಕೀ ತೆಗೆದು ಬಾಗಿಲು ತೆರೆದ. ಸಂದಿಯಲ್ಲಿ ಬೆರಳಾಡಿಸಿದ, ಅಲ್ಲಿ ಹಳೇ ಹಸಿರು ಹಾಗೇ ಇತ್ತು. ಆಮೇಲೆ ಮುಂದಕ್ಕೆ ಹೋಗಿ ಬಾನೆಟ್ ಎತ್ತಿದ. ಒಳಗೆ ಎರಡು ಪೊರಕೆ, ಫಿನಾಯಿಲ್ ಡಬ್ಬ, ಒಂದು ಕಟ್ಟು ಬಾಳೆಲೆ. ಅದರ ಕೆಳಗೆ ಸಿಮೆಂಟಿನ ಕಟ್ಟೆ ಕಾಣುತ್ತಿತ್ತು.

ಅಪ್ಪ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಬಗ್ಗಿ ಬಲಕ್ಕೆ ನೋಡಿದ, ಎಡಕ್ಕೆ ನೋಡಿದ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತೆಗೆದುಕೊಂಡ. ಪಂಚೆಯ ಚೂರಿನಿಂದ ಅಂಚು ಒರೆಸಿ, ಸದ್ದಾಗದಂತೆ ಮುಚ್ಚಿ, ನನ್ನ ಕಡೆ ತಿರುಗಿದ.

"ನೀರು, ಆಯಿಲು, ಬೆಲ್ಟು, ಬ್ಯಾಟ್ರಿ," ಎಂದ. "ಎಲ್ಲಾ ಸರಿಯಾಗದೆ ಕಣಮ್ಮ."

ನನಗೆ ತಿಳಿದಂತೆ ಅಪ್ಪ ಕೊಟ್ಟ ಒಂದೇ ಒಂದು ಸುಳ್ಳು ಪರೇಡು ಅದು. ನಾನೂ ಗದ್ದವೆತ್ತಿ, "ಸರಿ, ಹೊರಡಬಹುದು" ಎಂದೆ.

ಒಳಗೆ ಕೂತು ಎಲೆ ಹಾಕಿಸಿಕೊಂಡೆವು. ಮುದ್ದೆ ಬಂತು, ತಲೆಕಾಲು ಸಾರು ಬಂತು. ಅಪ್ಪ ಜೇಬಿನಿಂದ ಕೀ ತೆಗೆದು ನನ್ನ ಎಲೆಯ ಪಕ್ಕಕ್ಕೆ ಸರಿಸಿದ. "ಗೂಟದ ಅಗ್ಗ ಇನ್ನು ನೀನೇ ಮಡಿಕೊ" ಎಂದ. ತಡೆಯಲಾಗಲಿಲ್ಲ. "ಅಪ್ಪ, ಎಂಜಿನ್ನು ನಾನೇ..." ಎಂದು ಶುರು ಮಾಡಿದೆ.

"ಮುದ್ದೆ ಆರೋಯ್ತದೆ," ಎಂದ ಅಪ್ಪ, "ಉಣ್ಣು."