ಶಮೀನಾ ಮಾಡಿದ ಜೀವದ ಎಲೆ

ಮಗಳು ಮಾಂತ್ರಿಕರ ಚಿತ್ರದ ಕಾರ್ಡುಗಳ ಪೊಟ್ಟಣ ಒಡೆದಾಗ ಹೊಸ ರಟ್ಟಿನ ವಾಸನೆ ಬಂತು. ನನ್ನ ಬಾಲ್ಯ ನೆನಪಾಯಿತು; ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಬೆಟಗೇರಿಯಲ್ಲಿ ಪಕ್ಕದ ಮನೆಯ ಗೆಳತಿ ಶಮೀನಾ ಸೀರೆ ಡಬ್ಬಿಯ ರಟ್ಟು ಕತ್ತರಿಸಿ ಇಂಥವೇ ಆಟದ ಎಲೆಗಳನ್ನು ಮಾಡುತ್ತಿದ್ದಳು. ಆಡುತ್ತಾ ಆಡುತ್ತಾ ಒಂದು ರಾಜ್ಯದ ಕಥೆ ಕಟ್ಟುತ್ತಿದ್ದೆವು. ಅದರಲ್ಲಿ ಸತ್ತವರನ್ನು ಎಬ್ಬಿಸಲು ಇದ್ದದ್ದು ಒಂದೇ ಜೀವದ ಎಲೆ.

ಅಪ್ಪ ತೀರಿಕೊಂಡ ದಿನ ಅದನ್ನು ಕೇಳಿದೆ.

“ಅದು ಕಥಿಯೊಳಗಷ್ಟ ನಡೀತೈತಿ,” ಎಂದಳು ಶಮೀನಾ.

“ಗೊತ್ತೈತಿ, ಕೊಡು.”

ಕೊಟ್ಟಳು. ಅಪ್ಪನ ಅಂಗೈಯಲ್ಲಿಟ್ಟು ಕಾದೆ. ಏನೂ ಆಗಲಿಲ್ಲ. ಹಿರಿಯರೊಬ್ಬರು ತೆಗೆಯಲು ಬಂದರು. “ಇರ್ಲಿ ಬಿಡ್ರಿ,” ಎಂದ ಅವ್ವ ಅಪ್ಪನ ಬೆರಳುಗಳನ್ನು ಅದರ ಮೇಲೆ ಮಡಚಿದಳು. ನನಗೆ ಅಳು ಬರಲಿಲ್ಲ.

ಶಮೀನಾ ಇನ್ನೊಂದು ಜೀವದ ಎಲೆ ಮಾಡಲಿಲ್ಲ. ಆಮೇಲೆ ನಮ್ಮ ಕಥೆಯಲ್ಲೂ ಸತ್ತವರು ಏಳಲಿಲ್ಲ.

“ಅವ್ವಾ, ನಿನ್ನ ಪಾಳಿ,” ಎಂದಳು ಮಗಳು. ಕೈಗೆ ಸಿಕ್ಕ ಕಾರ್ಡು ಇಳಿಸಿದೆ.