ಏಳನೆಯ ರೀಲು

ಆಪರೇಟರಣ್ಣನ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಯಾವಾಗಲೂ ಕಪ್ಪಗಿರುತ್ತಿತ್ತು. ಟಾಕೀಸಿನ ಪ್ರೊಜೆಕ್ಟರಿನೊಳಗೆ ಉರಿಯುವ ಕಾರ್ಬನ್ ಕಡ್ಡಿಗಳ ಮಸಿ ಅದು, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ನಾನು ಹಾಲು ಕಾಯಿಸಿ, ಡಿಕಾಕ್ಷನ್ ಇಳಿಯಲು ಬಿಟ್ಟು ಬಾಗಿಲು ತೆಗೆಯುವ ಹೊತ್ತಿಗೆ ಅವರು ನಮ್ಮೆರಡು ಮನೆಗಳ ನಡುವಿನ ಕಾಂಪೌಂಡಿನ ಆಚೆ ನಿಂತಿರುತ್ತಿದ್ದರು. ನಮ್ಮ ಪೇಪರನ್ನು ಮೊದಲು ಓದುವವರು ಅವರೇ. ಗೋಡೆಯ ಮೇಲೆ ಹರಡಿಕೊಂಡು, ಮಸಿ ತಾಗದಂತೆ ಕಿರುಬೆರಳಿನಿಂದ ಹಾಳೆ ತಿರುವಿ, ಓದಿಯೇ ಇಲ್ಲವೆಂಬಂತೆ ಮಡಚಿ ಕೊಡುತ್ತಿದ್ದರು.

ಆ ಭಾನುವಾರ ಮಡಚಲಿಲ್ಲ. ಹಾಗೇ ಹಿಡಿದುಕೊಂಡು ನಿಂತಿದ್ದರು.

"ಅಮ್ಮ, ಇವತ್ತು ಸಂಜೆ ನಿಮ್ಮನೇಲಿ ಟಿವಿ ಹಾಕ್ತೀರಾ?"

"ಹಾಕೋಣ. ಯಾಕಣ್ಣ?"

"ನಾಲ್ಕು ಗಂಟೆಗೆ ನಮ್ ಸಿನಿಮಾ ಉಂಟು."

'ನಮ್ ಸಿನಿಮಾ' ಯಾವುದೆಂದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರು ಹುಡುಗನಾಗಿದ್ದಾಗ ಮದ್ರಾಸಿಗೆ ಹೋಗಿ ಸ್ಟುಡಿಯೋದಲ್ಲಿ ಲೈಟು ಹೊರುತ್ತಿದ್ದರಂತೆ. ಒಂದು ದಿನ ದೋಣಿಯವನ ಪಾತ್ರಕ್ಕೆ ಬರಬೇಕಾದವನು ಬರಲಿಲ್ಲವೆಂದು ಇವರಿಗೆ ಹುಟ್ಟು ಕೊಟ್ಟು ಕೂರಿಸಿದರಂತೆ. ಎದುರಿಗೆ ಕೂತದ್ದು ಆ ಕಾಲದ ಬಹು ದೊಡ್ಡ ಹೀರೋ. ಕಥೆಯನ್ನು ಎಲ್ಲರೂ ಕೇಳಿದ್ದರು, ಸಿನಿಮಾ ನೋಡಿದವರೂ ಬೇಕಾದಷ್ಟು ಜನ. ಆದರೆ ಅದರಲ್ಲಿ ದೋಣಿಯನ್ನು ಕಂಡವರು ಮೂಡಿಗೆರೆಯಲ್ಲಿ ಒಬ್ಬರೂ ಇರಲಿಲ್ಲ.

ಕಾರಣ ಕಳಸದ ಕೊನೇ ಬಸ್ಸು. ಬಾಳೂರು ಕಡೆಯ ಎಸ್ಟೇಟುಗಳ ಜನ ರಜದ ದಿನ ಫಸ್ಟ್ ಶೋಗೆ ಬರುತ್ತಿದ್ದರು. ಸಿನಿಮಾ ಉದ್ದವಾಗಿ ಆ ಬಸ್ಸು ತಪ್ಪಿದರೆ ಮಕ್ಕಳನ್ನು ಹೆಗಲಿಗೇರಿಸಿ ಘಾಟಿಯಲ್ಲಿ ನಡೆಯಬೇಕು. ಹಾಗಾಗಿ ಉದ್ದದ ಸಿನಿಮಾ ಬಂದರೆ ಒಂದು ರೀಲನ್ನು ಡಬ್ಬಿಯಲ್ಲೇ ಬಿಡುವುದು ನಮ್ಮ ಟಾಕೀಸಿನ ಪದ್ಧತಿ. ಒಂದು ಆಟಕ್ಕೆ ತೋರಿಸಿ ಇನ್ನೊಂದಕ್ಕೆ ಬಿಟ್ಟರೆ ಗಲಾಟೆಯಾಗುತ್ತದೆಂದು ಯಾವ ಆಟಕ್ಕೂ ಅದನ್ನು ಹಾಕುತ್ತಿರಲಿಲ್ಲ. ಯಾವ ರೀಲು ಬಿಡಬೇಕೆಂಬುದು ಮಾತ್ರ ಆಪರೇಟರಣ್ಣನ ತೀರ್ಮಾನ. ಆ ಸಿನಿಮಾ ಮೂರು ಸಲ ಊರಿಗೆ ಬಂತು. ಮೂರು ಸಲವೂ ಅವರು ಬಿಟ್ಟದ್ದು ಏಳನೆಯ ರೀಲನ್ನು, ತಾವೇ ಇದ್ದ ರೀಲನ್ನು.

"ಹಾಡಿನ ರೀಲು ಬಿಟ್ರೆ ಕುರ್ಚಿ ಮುರೀತಾರೆ. ಫೈಟಿಂಗ್ ಬಿಟ್ರೆ ನನ್ನನ್ನೇ ಮುರೀತಾರೆ. ತಾಯಿ ಸಾಯೋದು ಬಿಟ್ರೆ ಕಥೇನೇ ಇಲ್ಲ. ಉಳಿದಿದ್ದು ಏಳು. ನಾನಿದೀನಿ ಅಂತ ಅದನ್ನ ಇಟ್ಕೊಂಡ್ರೆ ಅದು ಕೆಲಸ ಅಲ್ಲ ಅಮ್ಮ."

ಇದನ್ನು ನಂಬದವರು ಅವರ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು. ಮೂರನೆಯ ಸಲ ತಂಗಿಯರನ್ನೆಲ್ಲ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತು, ಅವರ ಮುಂದೆ ನಗೆಪಾಟಲಾಗಿ ಬಂದಿದ್ದರು. "ತನ್ನ ಸೀನು ತಾನೇ ತೆಗೆಯೋ ಗಂಡಸು ಲೋಕದಲ್ಲಿ ಇದಾನಾ? ಮಾಡಿಲ್ಲ ಅಂದ್ರೆ ಮಾಡಿಲ್ಲ ಅನ್ಲಿ. ನಾನೇನು ಬಿಟ್ಟು ಹೋಗ್ತೀನಾ?" ಎಂದು ಸೂಜಿ ಬಾಯಲ್ಲಿಟ್ಟುಕೊಂಡೇ ಹೇಳುತ್ತಿದ್ದರು. ಅವರಿಗೊಮ್ಮೆ ಆ ರೀಲು ಹಾಕಿ ತೋರಿಸೋಣವೆಂದರೆ ಆಟದ ಹೊತ್ತು ಬಿಟ್ಟು ಮೆಷಿನ್ ಮುಟ್ಟಲು ಮಾಲೀಕರು ಒಪ್ಪುತ್ತಿರಲಿಲ್ಲ. ಆಪರೇಟರಣ್ಣ ಕೂಡ ತಮ್ಮನ್ನು ನೋಡಿಕೊಂಡದ್ದು ಕಿಟಕಿಯ ಬೆಳಕಿಗೆ ರೀಲು ಹಿಡಿದು, ಉಗುರಿನಷ್ಟು ಚಿಕ್ಕದಾಗಿ. "ಬಾಯಿ ತೆರೆದಿರೋದು ಕಾಣ್ತದೆ. ಮಾತು ಕೇಳಲ್ವಲ್ಲ."

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಕೂತಲ್ಲಿ ಕೂರಲಾಗದ ಹೆಂಗಸಾಗಿದ್ದೆ. ನಮ್ಮವರದು ಕಾಫಿ ವ್ಯಾಪಾರ, ದಿನವಿಡೀ ಜೀಪಿನಲ್ಲಿ ಬಣಕಲ್, ಬಾಳೂರು ಎಂದು ಓಡಾಟ. ನಾನು ಓದಿದ್ದು ಚಿಕ್ಕಮಗಳೂರಿನ ಕಾನ್ವೆಂಟಿನಲ್ಲಿ. ಸಿಸ್ಟರುಗಳು ವರ್ಷಕ್ಕೊಂದು ಭಕ್ತಿಯ ಸಿನಿಮಾ ತೋರಿಸಿ, ಹಿಂತಿರುಗುವಾಗ ದಾರಿಯುದ್ದಕ್ಕೂ ಅದರ ನೀತಿ ಕೇಳುತ್ತಿದ್ದರು. ನನ್ನ ಚಡಪಡಿಕೆ ನೋಡಿ, ಮ್ಯಾಟಿನಿಗೆ ಬನ್ನಿ ಎಂದು ಕರೆದವರು ಆಪರೇಟರಣ್ಣ. "ಹೀರೋನ ಎಲ್ರೂ ನೋಡ್ತಾರೆ. ನೀವು ಹಿಂದೆ ನಿಂತಿರೋರನ್ನ ನೋಡಿ" ಎಂದರು. ಮರುದಿನ ಗೋಡೆಯ ಬಳಿ ಪರೀಕ್ಷೆ. "ನಿನ್ನೆ ಹೆಣ ಆಗಿದ್ದೋನ್ನ ಗಮನಿಸಿದ್ರಾ? ಹೋದ ವಾರ ಪೋಸ್ಟ್‌ಮ್ಯಾನ್ ಆಗಿದ್ದ. ಉಸಿರು ಹಿಡಿಯೋದ್ರಲ್ಲಿ ಅವನನ್ನ ಬಿಟ್ರೆ ಇನ್ನೊಬ್ಬನಿಲ್ಲ." ಕುದುರೆಯಿಂದ ಬೀಳುವವರು, ಮದುವೆ ಸೀನಿನಲ್ಲಿ ಅಕ್ಷತೆ ಹಾಕುವವರು, ಹೀರೋಯಿನ್ನಿನ ಪಕ್ಕದಲ್ಲಿ ಬಿಂದಿಗೆ ಹಿಡಿಯುವ ಹುಡುಗಿಯರು, ಎಲ್ಲರೂ ಅವರಿಗೆ ನೆಂಟರಿದ್ದಂತೆ. ಹೆಸರು ಯಾರದೂ ಗೊತ್ತಿರಲಿಲ್ಲ. ಮುಖ ಒಂದನ್ನೂ ಮರೆತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ರೀಲಿಗೆ ಹತ್ತು ನಿಮಿಷದಂತೆ ಆರು ರೀಲು, ನಡುವೆ ಜಾಹೀರಾತು. ಟಿವಿಯಲ್ಲಿ ದೋಣಿ ಬರುವುದು ಐದೂಕಾಲಕ್ಕೆ. ಟಾಕೀಸಿನಲ್ಲಿ ಮ್ಯಾಟಿನಿ ಮುಗಿಯುವುದೂ ಆಗಲೇ.

"ಅಣ್ಣ, ಇವತ್ತೊಂದು ದಿನ ಮ್ಯಾಟಿನಿಯಲ್ಲಿ ಒಂದು ರೀಲು ಬಿಟ್ಟುಬಿಡಿ. ಹತ್ತು ನಿಮಿಷ ಮುಂಚೆ ಬರಬಹುದು."

ಅವರು ಪೇಪರನ್ನು ನಿಧಾನಕ್ಕೆ ಮಡಚಿದರು. "ಬಸ್ಸಿಗೆ ಅಂತ ಬಿಟ್ಟಿದ್ದು ಬೇರೆ. ನನಗೋಸ್ಕರ ಬಿಟ್ರೆ, ಕತ್ತಲಲ್ಲಿ ಕೂತಿರೋರಿಗೆ ಏನು ಹೇಳ್ಲಿ? ನೀವು ಅವಳನ್ನ ಕೂರಿಸ್ಕೊಳ್ಳಿ ಅಮ್ಮ. ಅವಳು ನೋಡಿದ್ರೆ ಸಾಕು."

ನನಗೆ ನಾಚಿಕೆಯಾಯಿತು. ಆಮೇಲೆ ಇಡೀ ದಿನ ಕಾಲು ನಿಲ್ಲಲಿಲ್ಲ. ನಮ್ಮವರನ್ನು ಎರಡು ಸಲ ಮಾಡು ಹತ್ತಿಸಿ ಆಂಟೆನಾ ತಿರುಗಿಸಿದೆ. "ಸಿನಿಮಾದಲ್ಲಿ ನೀನು ಮಾಡಿದೀಯಾ, ಅವರು ಮಾಡಿದಾರಾ ಮಾರಾಯ್ತಿ?" ಎಂದು ಮೇಲಿನಿಂದಲೇ ಕೇಳಿದರು.

ನಾಲ್ಕಕ್ಕೆ ಅಕ್ಕ ಬಂದರು, ತೊಡೆಯ ಮೇಲೆ ಯಾರದೋ ರವಿಕೆ ಹರಡಿಕೊಂಡು. "ನೋಡೋದೇನುಂಟು, ಹುಕ್ಸು ಹಾಕೋದಿದೆ" ಎಂದು ಹೊಸ್ತಿಲ ಬಳಿಯೇ ಕೂತರು. ನಾಲ್ಕೂಮುಕ್ಕಾಲಿಗೆ ವೋಲ್ಟೇಜು ಇಳಿದು ಚಿತ್ರ ಅಂಗೈಯಗಲವಾಯಿತು. ನಾನು ಸ್ಟೆಬಿಲೈಸರಿನ ಮುಂದೆ ಮಂಡಿಯೂರಿ, ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯನ್ನೇ ಹೇಳಿಕೊಂಡೆ. ಚಿತ್ರ ಮತ್ತೆ ಹಿಗ್ಗಿತು.

ನದಿ ಬಂತು. ದೋಣಿಯಲ್ಲಿ ಹೀರೋ, ತಾಯಿಯ ಅಸ್ಥಿಯ ಗಡಿಗೆಯನ್ನು ಎದೆಗೊತ್ತಿಕೊಂಡು. ದೋಣಿಯವನ ಬೆನ್ನು ಮಾತ್ರ ಕಾಣುತ್ತಿತ್ತು. ಹೀರೋ ಅಳಲಾರದೆ ತುಟಿ ಕಚ್ಚಿದಾಗ ಅವನು ತಿರುಗಿದ. ಮೀಸೆ ಸರಿಯಾಗಿ ಮೂಡದ ಬಡಕಲು ಹುಡುಗ.

"ಹುಟ್ಟು ನಾನು ಹಾಕ್ತೀನಿ ಸ್ವಾಮಿ. ನೀವು ಅತ್ಕೊಳ್ಳಿ. ದಡ ಇನ್ನೂ ದೂರ ಇದೆ."

ಅಷ್ಟೇ. ಮತ್ತೆ ಬೆನ್ನು ತಿರುಗಿಸಿ ಹುಟ್ಟು ಹಾಕಿದ. ಹೀರೋ ಅತ್ತ. ಒಂದು ನಿಮಿಷವೂ ಇರಲಿಲ್ಲ.

ನಾನು ಅಕ್ಕನ ಕಡೆ ನೋಡಿದೆ. ಸೂಜಿ ಬಟ್ಟೆಯಲ್ಲಿ ಅರ್ಧ ಇಳಿದು ನಿಂತಿತ್ತು. "ಕಿವಿ ನೋಡು" ಎಂದರು ಮೆಲ್ಲಗೆ. "ಅವರದ್ದೇ ಕಿವಿ." ಮತ್ತೆ ಹುಕ್ಸು ಹಾಕತೊಡಗಿದರು. ಎರಡನ್ನು ತಪ್ಪು ಬದಿಗೆ ಹಾಕಿ, ಬಿಚ್ಚಿ, ಮತ್ತೆ ಹಾಕಿದರು.

ಹತ್ತು ನಿಮಿಷ ಕಳೆದ ಮೇಲೆ ಗೇಟಿನ ಸದ್ದಾಯಿತು. ಆಪರೇಟರಣ್ಣ ಏದುಸಿರು ಬಿಡುತ್ತಾ ಬಂದರು. ಟಿವಿಯ ಕಡೆ ನೋಡಲೇ ಇಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಾ ಅಂಗಳದಲ್ಲಿ ನಿಂತರು.

ಅಕ್ಕ ಹಲ್ಲಿನಿಂದ ದಾರ ಕತ್ತರಿಸಿದರು. "ಎಷ್ಟು ಸಣ್ಣ ಇದ್ರಿ ಆಗ! ಆ ಮದ್ರಾಸಲ್ಲಿ ಊಟ ಹಾಕ್ತಿರಲಿಲ್ವಾ?"

"ಒಂದೊಂದು ದಿನ ಹಾಕ್ತಿದ್ರು" ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, "ಮಾತು ಕೇಳಿಸ್ತಾ ಅಮ್ಮ?"

"ಸ್ಪಷ್ಟವಾಗಿ ಕೇಳಿಸ್ತು ಅಣ್ಣ."

ತಲೆಯಾಡಿಸಿದರು. ನಿಂತುಕೊಂಡೇ ಕಾಫಿ ಕುಡಿದು, ಆರು ಗಂಟೆಯ ಆಟಕ್ಕೆ ಹೋದರು. ಅಂದು ಅಕ್ಕ ಅವರನ್ನು ಗೇಟಿನವರೆಗೆ ಬಿಟ್ಟು ಬಂದರು. ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಪರೇಟರಣ್ಣ ತೀರಿಹೋಗಿ ಈಗ ಎಷ್ಟೋ ವರ್ಷವಾಯಿತು. ಟಾಕೀಸು ಮುಚ್ಚಿ ಕಾಫಿ ಮೂಟೆ ಇಡುವ ಗೋಡೌನ್ ಆದ ಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ. ಆ ಸಿನಿಮಾ ಮತ್ತೆ ಟಿವಿಯಲ್ಲಿ ಬಂದದ್ದನ್ನು ನಾನು ಕಾಣಲಿಲ್ಲ, ತಮ್ಮ ಮಾತನ್ನು ಅವರು ಕೇಳಲೇ ಇಲ್ಲ. ನನಗೆ ಮಾತ್ರ ಒಂದು ಕಣ್ಣು ಕೊಟ್ಟು ಹೋದರು. ಯಾವ ಮದುವೆಗೆ ಹೋದರೂ ಫೋಟೋದ ಅಂಚಿನಲ್ಲಿ ಅರ್ಧ ಮುಖ ಸಿಕ್ಕಿಕೊಂಡವರನ್ನೇ ನಾನು ಮೊದಲು ನೋಡುತ್ತೇನೆ. ಅವರು ಯಾರೆಂದು ಕೇಳಿ ತಿಳಿದುಕೊಳ್ಳುತ್ತೇನೆ.

ಆ ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನೂ ಅಕ್ಕನೂ ಇನ್ನೂ ಗೋಡೆಯ ಬಳಿ ಮಾತಾಡುತ್ತಾ ನಿಂತಿದ್ದೆವು. ಪೇಟೆಯಿಂದ ಎದುರು ಮನೆಗೆ ಹೊಸದಾಗಿ ಬಂದಿದ್ದ, ಆಪರೇಟರಣ್ಣನ ಕಥೆ ಇನ್ನೂ ಕೇಳಿರದ ಜವಳಿ ಅಂಗಡಿಯವರ ಹೆಂಡತಿ ಲೋಟ ಹಿಡಿದು ಹೆಪ್ಪಿಗೆ ಮೊಸರು ಕೇಳಲು ಬಂದರು. ಅವರೂ ಮನೆಯಲ್ಲಿ ಟಿವಿ ನೋಡಿದ್ದರು.

"ಸಿನಿಮಾ ಏನೋ ಚೆನ್ನಾಗೇ ಇತ್ತು ಕಣ್ರೀ" ಎಂದರು. "ಆದ್ರೆ ಈ ಟಿವಿಯೋರಿಗೆ ಒಂದು ಅಂದಾಜಿಲ್ಲ. ನಡುವೆ ಆ ದೋಣಿಯೋನ್ನ ಎಲ್ಲಿಂದ ತಂದು ಸೇರಿಸಿದ್ರೋ ಏನೋ. ನಮ್ ಟಾಕೀಸಲ್ಲಿ ಎಷ್ಟು ನೀಟಾಗಿ ತೋರಿಸ್ತಿದ್ರು."