ಕೈಗವಸು ತೆಗೆಸಿದ ಲೇತಕ್ಕ

ಆಕೆಯನ್ನು ತಕ್ಕಡಿಗೆ ಹಾಕಿದರೆ ಐವತ್ತು ಕಿಲೋಗೆ ಒಂದೆರಡು ಕಡಿಮೆ. ಎತ್ತರವೂ ಅಷ್ಟಕ್ಕಷ್ಟೆ. ಅರ್ಧ ನರೆತ ಕೂದಲನ್ನು ಬಟ್ಟೆಯಲ್ಲಿ ಬಿಗಿದು ಕಟ್ಟಿರುತ್ತಾಳೆ. ಕೈಯಲ್ಲಿ ಬಳೆಯಿಲ್ಲ, ಉಂಗುರವಿಲ್ಲ, ಗಡಿಯಾರವೂ ಇಲ್ಲ. ಮೊದಲ ನೋಟಕ್ಕೆ ಯಾರೂ ಹೆಚ್ಚು ಬೆಲೆ ಕಟ್ಟುವ ಮಾಲಲ್ಲ. ಚೌಕಾಸಿಗೆ ನಿಂತ ಮೇಲೆಯೇ ಗೊತ್ತಾಗುವುದು, ಇಲ್ಲಿ ಒಂದು ಪೈಸೆಯೂ ಇಳಿಯುವುದಿಲ್ಲ ಎಂದು.

ಕಬ್ಬಿಣದ ಸಲಾಕೆಗಳನ್ನು ಕಡೆಯುವ ಲೇತ್ ಯಂತ್ರದ ಮುಂದೆ ಇಪ್ಪತ್ತಾರು ವರ್ಷ ನಿಂತಾಕೆ. ಈಗ ಅದೇ ಕಾರ್ಖಾನೆಯಲ್ಲಿ ಹೊಸಬರಿಗೆ ಕೆಲಸ ಕಲಿಸುತ್ತಾಳೆ. ಅವರ ಬಾಯಲ್ಲಿ ಆಕೆ ಲೇತಕ್ಕ. ಮೊದಲ ವಾರ ಯಾರೂ ಯಂತ್ರ ಚಾಲೂ ಮಾಡುವಂತಿಲ್ಲ, ನಿಲ್ಲಿಸುವುದನ್ನಷ್ಟೇ ಕಲಿಯಬೇಕು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೆಂಪು ಗುಂಡಿಯನ್ನು ತಡಕಿ ಒತ್ತಬೇಕು.

"ಇದೇನಕ್ಕಾ, ಕಣ್ಣಾಮುಚ್ಚಾಲೆನಾ?" ಎಂದು ಒಬ್ಬ ಕಿಸಕ್ಕನೆ ನಕ್ಕಿದ್ದ.

"ಹೂಂ ಕಣಪ್ಪ. ಆಟದಲ್ಲಿ ಸೋತ್ರೆ ಇನ್ನೊಂದ್ಸಲ ಆಡ್ಬಹುದು. ಇಲ್ಲಿ ಹಾಗಲ್ಲ."

ಒಂದು ದಿನ ದೊಡ್ಡ ಗಿರಾಕಿ ಕಂಪನಿಯವರು ತಪಾಸಣೆಗೆ ಬರುವುದಿತ್ತು. ಕೆಲಸಗಾರರೆಲ್ಲರ ಕೈಯಲ್ಲೂ ಕೈಗವಸು ಇರಬೇಕು ಎಂದು ಅವರ ನಿಯಮಗಳ ಪಟ್ಟಿ ಹೇಳುತ್ತಿತ್ತು. ಮಾಲೀಕ ಮೂರು ಡಜನ್ ಕೊಂಡ. ಮಾರಿದವನು ನಾನು. ಕೆಲಸ ಕಲಿಯುವವರಲ್ಲಿ ನನ್ನ ಮಗಳೂ ಒಬ್ಬಳಾದ್ದರಿಂದ ಪೆಟ್ಟಿಗೆಯನ್ನು ನಾನೇ ಹೊತ್ತು ತಂದೆ. ದಪ್ಪ ಹತ್ತಿಯ ಒಂದು ಜೊತೆಯನ್ನು ಅವಳ ಕೈಗೆ ತೊಡಿಸಿ ಬೀಗಿದೆ. ಮೊದಲ ವಾರ ದಾಟಿದ್ದ ಅವಳು ಲೇತಿನ ಚಾಲೂ ಗುಂಡಿಗೆ ಕೈ ಚಾಚುವಷ್ಟರಲ್ಲಿ ಲೇತಕ್ಕ ಅಡ್ಡ ಬಂದಳು.

"ತೆಗಿಯಮ್ಮ ಅದನ್ನ."

"ಸುರಕ್ಷತೆಗೆ ಅಂತಾನೇ ತಂದಿದ್ದು ಅಕ್ಕಾ," ಎಂದೆ.

"ಯಾರ ಸುರಕ್ಷತೆ ಸಾಹುಕಾರ್ರೇ, ನಿಮ್ಮ ವ್ಯಾಪಾರದ್ದಾ?"

ಮಾಲೀಕ ಗಡಿಯಾರ ನೋಡುತ್ತ ಬಂದ. "ಇವತ್ತೊಂದು ದಿನ ಹಾಕ್ಕೊಳ್ಲಿ ಬಿಡಿ ಲೇತಕ್ಕಾ. ಆರ್ಡರ್ ಕೈತಪ್ಪಿದ್ರೆ ನಿಮ್ಮ ಕೆಲ್ಸಾನೂ ಉಳಿಯಲ್ಲ, ಹೇಳಿದೀನಿ."

ಕೆಲಸ ಆಕೆಗೆ ಬೇಡವಾಗಿತ್ತೆಂದಲ್ಲ. ಗಂಡ ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಒಲೆ ಉರಿಯುತ್ತಿದ್ದದ್ದು ಈ ಸಂಬಳದಿಂದಲೇ. ಅದೆಲ್ಲ ಒಂದು ಗಳಿಗೆ ಆಕೆಯ ಕಣ್ಣಮುಂದೆ ಸುಳಿದಿರಬೇಕು. ಆದರೆ ಈ ಇಬ್ಬರು ಗಂಡಸರ ಎದುರು ಬಾಯಿ ನೋಯಿಸಿಕೊಂಡು ಫಲವಿಲ್ಲ, ಕಣ್ಣಿಗೇ ತೋರಿಸಬೇಕು ಎಂದು ಆಕೆಗೆ ಗೊತ್ತಿತ್ತು.

ಎಲ್ಲರನ್ನೂ ಹಳದಿ ಗೆರೆಯ ಆಚೆ ನಿಲ್ಲಿಸಿದಳು. ನನ್ನ ಕೈಗವಸೊಂದಕ್ಕೆ ಹಳೇ ಬಟ್ಟೆ ತುರುಕಿ, ತೆಳು ಮರದ ಪಟ್ಟಿಯ ತುದಿಗೆ ತೊಡಿಸಿ, ಪಟ್ಟಿಯನ್ನು ಯಂತ್ರದಲ್ಲಿ ಕಡೆಯುವ ಉಳಿಯನ್ನು ಸಿಕ್ಕಿಸುವ ಹಿಡಿಕೆಯಲ್ಲೇ ಬಿಗಿದಳು. ರಕ್ಷಣೆಯ ಗಾಜು ಮುಚ್ಚಿದಳು. ಯಂತ್ರ ಚಾಲೂ ಮಾಡಿದಳು, ಅದಕ್ಕೆ ಸಿಕ್ಕಿಸಿದ್ದ ಸಲಾಕೆ ತಿರುಗತೊಡಗಿತು. ಹಿಡಿಕೆಯನ್ನು ಸರಿಸುವ ಚಕ್ರವನ್ನು ದೂರದಿಂದಲೇ ತಿರುವಿ ಕೈಗವಸನ್ನು ಮೆಲ್ಲಗೆ ಸಲಾಕೆಯ ಹತ್ತಿರ ತಂದಳು. ಒಂದು ನೂಲು ತಗುಲಿದ್ದಷ್ಟೆ. ರೆಪ್ಪೆ ಮಿಟುಕಿಸುವುದರೊಳಗೆ ಐದು ಬೆರಳೂ ಸಲಾಕೆಗೆ ಸುತ್ತಿಕೊಂಡವು, ಪಟ್ಟಿ ಲಟಕ್ಕನೆ ಮುರಿಯಿತು. ಆಕೆ ನೋಡದೆಯೇ ಕೆಂಪು ಗುಂಡಿ ಒತ್ತಿದಳು.

"ಬರಿಗೈಗೆ ತಗುಲಿದ್ರೆ ಚರ್ಮ ಕಿತ್ತೀತು. ಇದನ್ನ ಹಾಕ್ಕೊಂಡ್ರೆ ತೋಳನ್ನೇ ಎಳ್ಕೊಳ್ಳುತ್ತೆ. ಈಗ ನೀವೇ ಹೇಳಿ ಯಜಮಾನ್ರೇ, ಇದನ್ನ ಯಾರ ಕೈಗೆ ಹಾಕ್ಲಿ?"

ಮಗಳು ಕೈಗವಸನ್ನು ಆಗಲೇ ಕಳಚಿದ್ದಳು. ತಪಾಸಣೆಯವರು ಬಂದು ಕೇಳಿದಾಗ ಮಾಲೀಕನೇ ಮುಂದೆ ಹೋಗಿ ಸಲಾಕೆಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ತೋರಿಸಿದ. ಅವರು ಬಗ್ಗಿ ನೋಡಿ, ತಿರುಗುವ ಯಂತ್ರದ ಬಳಿ ಕೈಗವಸು ಕೂಡದು ಎಂದು ತಮ್ಮ ಪಟ್ಟಿಯನ್ನೇ ತಿದ್ದಿಕೊಂಡರು. ಆರ್ಡರೂ ಉಳಿಯಿತು, ಲೇತಕ್ಕನ ಕೆಲಸವೂ ಉಳಿಯಿತು.

ನಾನು ಪೆಟ್ಟಿಗೆ ಎತ್ತಿಕೊಂಡೆ. "ಹಾಗಾದ್ರೆ ಇದನ್ನ ವಾಪಸ್ ಒಯ್ಲಾ ಅಕ್ಕಾ?"

"ಯಾಕೆ? ಯಂತ್ರ ನಿಂತ್ಮೇಲೆ ಕಬ್ಬಿಣದ ಚೂರು ಬಾಚೋಕೆ ಬೇಕೇ ಬೇಕು. ಮಾಲು ಒಳ್ಳೇದೇ ಇದೆ. ಎಲ್ಲಿಗೆ ಅಂತ ಮಾರೋರಿಗೆ ಗೊತ್ತಿರ್ಬೇಕು, ಅಷ್ಟೇ."

ಮಗಳು ಈಗ ಅದೇ ಲೇತಿನಲ್ಲಿ ದಿನವೂ ಕೆಲಸ ಮಾಡುತ್ತಾಳೆ. ಅಂದು ಅವಳ ತೋಳನ್ನು ಅಪಾಯಕ್ಕೆ ಒಡ್ಡಿದವನು ನಾನು, ಉಳಿಸಿಕೊಟ್ಟವಳು ಲೇತಕ್ಕ. ಆ ತೋಳಿಗಾಗಿ ನಾನು ಆಕೆಗೆ ಋಣಿ.